ಹಲಗೆ, ಓಲೆ, ಕೀಲಿಮಣೆ: ಬರೆಹದ ಉಪಕರಣವೂ ಸಾಹಿತ್ಯವಿಮರ್ಶೆಯೂ

೧

ಬರೆಹದ ಉಪಕರಣವು ಬರೆಹದ ಗುಣವನ್ನು ಎಷ್ಟರಮಟ್ಟಿಗೆ ನಿರ್ಣಯಿಸುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ವಿಮರ್ಶೆ ಪ್ರತ್ಯೇಕವಾಗಿ ಎತ್ತಿಕೊಂಡುದು ಕಡಮೆ. ಆದರೆ ಅಧ್ಯಾಪಕರು ಕೂಡಿದೆಡೆಯಲ್ಲೆಲ್ಲ ಇಂದು ಅದು ಬೇರೊಂದು ರೂಪದಲ್ಲಿ ಕೇಳಿಬರುತ್ತಿದೆ. ವಿದ್ಯಾರ್ಥಿಗಳು ಲೇಖನಿಯನ್ನು ಬದಿಗಿಟ್ಟು ಕೀಲಿಮಣೆಯನ್ನು ನಚ್ಚಿಕೊಂಡಿದ್ದಾರೆ. ಪ್ರಬಂಧ, ಟಿಪ್ಪಣಿ, ಪತ್ರ, ಕವಿತೆಗಳೆಲ್ಲ ಬೆರಳಚ್ಚಿನಲ್ಲಿಯೇ ಹುಟ್ಟುತ್ತಿವೆ. ವರ್ಷವೆಲ್ಲ ಹೀಗೆ ಬರೆದವರು ಪರೀಕ್ಷೆಯ ಮೂರು ಗಂಟೆಗಳ ಕಾಲ ಲೇಖನಿ ಹಿಡಿಯಬೇಕಾದಾಗ ಕೈ ಸೋಲುತ್ತದೆಂದು ದೂರುತ್ತಾರೆ. ಇದನ್ನು ಕಂಡ ಹಿರಿಯರು, ಕೈಬರೆಹದೊಡನೆ ಸಾಹಿತ್ಯದ ಸತ್ತ್ವವೂ ಹೋಯಿತೆಂದು ಮರುಗುತ್ತಾರೆ. ಕಿರಿಯರಾದರೋ ಇದು ಬರಿಯ ಹಳೆಯ ಅಭ್ಯಾಸದ ಮೇಲಣ ಮೋಹವೆಂದು ತಳ್ಳಿಹಾಕುತ್ತಾರೆ. ವಿಷಯವನ್ನು ಈ ಎರಡು ಭಾವಗಳಿಂದ ಬಿಡಿಸಿ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಹಿರಿಯರ ಮಾತಿನಲ್ಲಿ ಮೂರು ಬೇರೆ ಬೇರೆ ಆಕ್ಷೇಪಗಳು ಬೆರೆತಿವೆ. ಕೈಬರೆಹ ಸಹಜ, ಕೀಲಿಮಣೆ ಕೃತಕ ಎಂಬುದು ಮೊದಲನೆಯದು. ಯಂತ್ರವು ಶೈಲಿಯನ್ನು ಕೆಡಿಸುತ್ತದೆ ಎಂಬುದು ಎರಡನೆಯದು. ಕೀಲಿಮಣೆಯ ಬಳಕೆಯಿಂದ ಕನ್ನಡದ ಅಕ್ಷರಜ್ಞಾನವೇ ಸಡಿಲಗೊಳ್ಳುತ್ತದೆ ಎಂಬುದು ಮೂರನೆಯದು. ಇವುಗಳಲ್ಲಿ ಮೊದಲೆರಡಕ್ಕೆ ತಕ್ಕ ಆಧಾರವಿಲ್ಲವೆಂದೂ ಮೂರನೆಯದು ಅರ್ಧ ಮಾತ್ರ ನಿಜವೆಂದೂ ನಮಗೆ ತೋರುತ್ತದೆ. ನಿಜವಾದ ನಷ್ಟ ಇವು ಮೂರರಲ್ಲಿಯೂ ಇಲ್ಲ. ಅದು ಕರಡುಪ್ರತಿಯ ನಷ್ಟ. ಕೃತಿಯೊಂದು ಹೇಗೆ ಬೆಳೆಯಿತೆಂಬುದರ ಸಾಕ್ಷ್ಯವೇ ಇಲ್ಲವಾಗುವ ನಷ್ಟ. ಅದಕ್ಕೆ ಕಾರಣ ಕೀಲಿಯಲ್ಲ, ಬರೆಯುವ ಮೇಲ್ಮೈ. ಈ ವ್ಯತ್ಯಾಸವನ್ನು ನಮ್ಮ ಸಾಹಿತ್ಯಪರಂಪರೆಯ ಒಳಗಿನಿಂದಲೇ ಅರಿಯಲು ಸಾಧ್ಯವಿದೆ.

೨

ಕುಮಾರವ್ಯಾಸನು ‘ಕರ್ಣಾಟ ಭಾರತ ಕಥಾಮಂಜರಿ’ಯ ಪೀಠಿಕೆಯಲ್ಲಿ ತನ್ನ ಅಗ್ಗಳಿಕೆಯನ್ನು ಹೇಳಿಕೊಳ್ಳುವ ಪದ್ಯ ಕನ್ನಡ ವಿದ್ಯಾರ್ಥಿಗಳೆಲ್ಲರಿಗೂ ಪರಿಚಿತ. ಅದರ ತಾತ್ಪರ್ಯ ಇಷ್ಟು: ತಾನು ಹಲಗೆಯನ್ನಾಗಲಿ ಬಳಪವನ್ನಾಗಲಿ ಮುಟ್ಟಲಿಲ್ಲ, ಒಮ್ಮೆ ಬರೆದ ಮಾತನ್ನು ಅಳಿಸಲಿಲ್ಲ, ಅನ್ಯರ ರೀತಿಯನ್ನು ಅನುಸರಿಸಲಿಲ್ಲ, ಓಲೆಯ ಮೇಲೆ ಕಂಠವಾಡುವ ಸದ್ದು ನಡುವೆ ನಿಲ್ಲಲಿಲ್ಲ. ಇದನ್ನು ಕವಿಯ ಆತ್ಮಪ್ರತ್ಯಯದ ಮಾತೆಂದೋ ವೀರನಾರಾಯಣನ ಅನುಗ್ರಹದ ಮಹಿಮೆಯೆಂದೋ ವ್ಯಾಖ್ಯಾನಿಸುವುದು ವಾಡಿಕೆ. ಆದರೆ ಈ ನಾಲ್ಕು ಅಗ್ಗಳಿಕೆಗಳಲ್ಲಿ ಮೂರು ಬರೆಯುವ ಉಪಕರಣಕ್ಕೂ ಕ್ರಮಕ್ಕೂ ಸಂಬಂಧಿಸಿದುವು ಎಂಬುದು ಗಮನಾರ್ಹ. ಕವಿ ಹೆಮ್ಮೆಪಡುತ್ತಿರುವುದು ತಾನು ಬಿಟ್ಟುಬಿಟ್ಟ ಒಂದು ಅಭ್ಯಾಸಕ್ಕಾಗಿ. ಹಾಗಾದರೆ ಉಳಿದವರಲ್ಲಿ ಆ ಅಭ್ಯಾಸ ಇದ್ದಿರಲೇಬೇಕು. ಎಲ್ಲರೂ ಮಾಡುತ್ತಿದ್ದುದನ್ನು ತಾನು ಮಾಡಲಿಲ್ಲವೆಂದಾಗ ಮಾತ್ರ ಈ ಮಾತಿಗೆ ಅರ್ಥ ಬರುತ್ತದೆ.

ಎಂದರೆ, ಮೊದಲು ಹಲಗೆಯ ಮೇಲೆ ಬಳಪದಿಂದ ಬರೆಯುವುದು, ಅಳಿಸುವುದು, ತಿದ್ದುವುದು, ಕೊನೆಗೆ ಸರಿಯೆನಿಸಿದುದನ್ನು ಓಲೆಗೆ ಏರಿಸುವುದು, ಇದು ಆ ಕಾಲದ ರೂಢಿಯಾಗಿದ್ದಿತೆಂದು ಊಹಿಸಬಹುದು. ಬರೆಹಕ್ಕೆ ಎರಡು ಮೇಲ್ಮೈಗಳಿದ್ದುವು. ಒಂದು ಅಳಿಸಬಹುದಾದುದು, ಇನ್ನೊಂದು ಅಳಿಸಬಾರದುದು. ವ್ಯವಹಾರಕ್ಷೇತ್ರದಲ್ಲಿಯೂ ಇದೇ ಬಗೆಯದೊಂದು ವಸ್ತುವಿದ್ದಿತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆಮಡಿಕೆಯಾಗಿ ಮಡಿಸಿದ ಕಡತದ ಮೇಲೆ ಬಳಪದಿಂದ ಲೆಕ್ಕ ಬರೆಯುತ್ತಿದ್ದರು, ಬೇಡವಾದಾಗ ಒರಸುತ್ತಿದ್ದರು. ಕಡತವೆಂಬ ಶಬ್ದ ಇಂದು ಸರ್ಕಾರಿ ಕಚೇರಿಯಲ್ಲಿ ಅಳಿಸಬಾರದ ದಾಖಲೆಯ ಹೆಸರಾಗಿ ಉಳಿದಿರುವುದು ಕಾಲದ ಒಂದು ವಿನೋದ.

ಇನ್ನು ಕೈಬರೆಹವೇ ಕವಿಯ ಅಂತರಂಗದ ಮುದ್ರೆಯೆಂಬ ಭಾವನೆಯನ್ನು ನೋಡೋಣ. ನಮ್ಮ ಪ್ರಾಚೀನ ಸಾಹಿತ್ಯ ನಮಗೆ ದೊರೆತಿರುವುದು ಕವಿಯ ಕೈಯಿಂದಲ್ಲ, ಪ್ರತಿಕಾರನ ಕೈಯಿಂದ. ಪಂಪ ರನ್ನರ ಸ್ವಹಸ್ತದ ಒಂದು ಗರಿಯೂ ನಮಗೆ ಉಳಿದುಬಂದಿಲ್ಲ. ಹತ್ತನೆಯ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಆ ಸಾವಿರ ಪ್ರತಿಗಳಲ್ಲಿ ಕಾವ್ಯ ಒಂದೇ, ಬರೆದ ಕೈಗಳು ಬೇರೆ. ಕುಮಾರವ್ಯಾಸನೂ ಕಾವ್ಯದ ಕರ್ತೃತ್ವವನ್ನು ವೀರನಾರಾಯಣನಿಗೆ ಒಪ್ಪಿಸಿ ತಾನು ಬರಿಯ ಲಿಪಿಕಾರನೆಂದು ಹೇಳಿಕೊಂಡನು. ಕವಿ ಬೇರೆ, ಬರೆಯುವವನು ಬೇರೆ ಎಂಬ ಈ ವಿಭಾಗ ನಮಗೆ ಹೊಸದಲ್ಲ. ಪ್ರತಿಕಾರರಾದರೂ ತಮ್ಮ ಕೆಲಸವನ್ನು ಆನಂದದ ಕೆಲಸವೆಂದು ಕರೆಯಲಿಲ್ಲ. ಬೆನ್ನು ಬಾಗಿತು, ಸೊಂಟ ಮುರಿಯಿತು, ಕಣ್ಣು ಕೀಲಿಸಿತು, ಇಷ್ಟು ಕಷ್ಟದಿಂದ ಬರೆದುದನ್ನು ಜತನದಿಂದ ಕಾಪಾಡಿರಿ ಎಂಬ ಅರ್ಥದ ಸಂಸ್ಕೃತ ಶ್ಲೋಕವನ್ನು ಪ್ರತಿಯ ಕೊನೆಯಲ್ಲಿ ಬರೆಯುವುದು ಅವರಲ್ಲಿ ರೂಢಿಯಾಗಿದ್ದಿತು.

ಕೈಗೂ ಕಣ್ಣಿಗೂ ಇರುವ ನೇರವಾದ ಸಂಬಂಧವನ್ನು ಯಂತ್ರ ಕಡಿದುಹಾಕುತ್ತದೆ ಎಂಬ ಮಾತನ್ನೂ ಇಲ್ಲಿಯೇ ಪರೀಕ್ಷಿಸಬಹುದು. ಜರ್ಮನಿಯ ತತ್ತ್ವಜ್ಞ ಹೈಡೆಗರ್ ೧೯೪೨–೪೩ರ ತನ್ನ ಉಪನ್ಯಾಸಗಳಲ್ಲಿ, ಬೆರಳಚ್ಚು ಯಂತ್ರವು ಶಬ್ದವನ್ನು ಕೈಯ ಆಳ್ವಿಕೆಯಿಂದ ಕಿತ್ತುಕೊಂಡಿತೆಂದು ವಾದಿಸಿದನು. ಆದರೆ ಓಲೆಯ ಮೇಲೆ ಬರೆಯುವ ಕ್ರಮವನ್ನು ನೆನೆದರೆ ಈ ವಾದದ ಬಿಗಿ ಕಡಮೆಯಾಗುತ್ತದೆ. ಎಡಗೈಯಲ್ಲಿ ಗರಿಯನ್ನು ಹಿಡಿದು, ಹೆಬ್ಬೆರಳಿನ ಆಸರೆಯಿಂದ ಕಂಠವನ್ನು ನಡೆಸಿ, ಅಕ್ಷರವನ್ನು ಕೊರೆಯುತ್ತಿದ್ದರು. ಕೊರೆದ ಗೆರೆ ಸ್ಪಷ್ಟವಾಗಿ ಕಾಣುತ್ತಿದ್ದುದು ಆ ಬಳಿಕ ಮಸಿಯನ್ನು ತೀಡಿ ಒರಸಿದ ಮೇಲೆ. ೧೮೭೪ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಷೋಲ್ಸ್–ಗ್ಲಿಡನ್ ಬೆರಳಚ್ಚು ಯಂತ್ರದಲ್ಲಿ ಅಚ್ಚುಗಳು ಕಾಗದಕ್ಕೆ ಕೆಳಗಿನಿಂದ ಬಡಿಯುತ್ತಿದ್ದುದರಿಂದ, ಕೆಲವು ಸಾಲುಗಳು ಮೇಲೇರುವವರೆಗೆ ಬರೆದುದು ಕಾಣುತ್ತಿರಲಿಲ್ಲ. ಓಲೆಯ ಲಿಪಿಕಾರನೂ ಆ ಯಂತ್ರದ ಮುಂದೆ ಕುಳಿತವನೂ ಕಣ್ಣಿಗಿಂತ ಹೆಚ್ಚಾಗಿ ಬೆರಳ ಅಭ್ಯಾಸವನ್ನೇ ನಂಬಿದವರು. ಇವೆರಡೂ ಕಲಿತ ಕೌಶಲಗಳು. ಎರಡಕ್ಕೂ ಸಾಧನೆ ಬೇಕು. ಸಹಜವೆಂದು ನಾವು ಕರೆಯುವುದು ಬಾಲ್ಯದಲ್ಲಿ ಕಲಿತುದನ್ನು, ಕೃತಕವೆಂದು ಕರೆಯುವುದು ದೊಡ್ಡವರಾದ ಮೇಲೆ ಕಲಿತುದನ್ನು ಎಂಬುದಕ್ಕಿಂತ ಹೆಚ್ಚಿನ ಭೇದ ಇಲ್ಲಿ ಇದ್ದಂತಿಲ್ಲ.

೩

ಎರಡನೆಯ ಆಕ್ಷೇಪ ಶೈಲಿಯನ್ನು ಕುರಿತುದು. ಇದರ ಪರವಾಗಿ ಪಾಶ್ಚಾತ್ಯ ವಿಮರ್ಶಕರು ಮುಂದಿಡುವ ಮುಖ್ಯ ನಿದರ್ಶನ ನೀಚೆಯದು. ದೃಷ್ಟಿ ಮಂದವಾಗಿದ್ದ ಆ ದಾರ್ಶನಿಕನು ೧೮೮೨ರಲ್ಲಿ ಡೆನ್ಮಾರ್ಕಿನ ಮಾಲಿಂಗ್ ಹ್ಯಾನ್ಸನ್ ನಿರ್ಮಿಸಿದ ಗೋಳಾಕಾರದ ಬರೆಹಯಂತ್ರವನ್ನು ತರಿಸಿಕೊಂಡನು. ನಮ್ಮ ಬರೆಹದ ಸಾಧನಗಳು ನಮ್ಮ ಆಲೋಚನೆಯಲ್ಲಿಯೂ ಕೈಯಾಡಿಸುತ್ತವೆ ಎಂಬ ಅರ್ಥದ ಮಾತನ್ನು ಆ ಕಾಲದ ಪತ್ರವೊಂದರಲ್ಲಿ ಬರೆದನು. ಇದನ್ನು ಆಧರಿಸಿ ಫ್ರೀಡ್ರಿಕ್ ಕಿಟ್ಲರ್ ೧೯೮೬ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಯಂತ್ರದ ಪ್ರಭಾವದಿಂದ ನೀಚೆಯ ಬರೆಹ ವಾದಸರಣಿಯಿಂದ ಸೂಕ್ತಿಗೆ, ವಾಗ್ವಿಸ್ತಾರದಿಂದ ತಂತಿಯ ಸಂಕ್ಷೇಪಕ್ಕೆ ತಿರುಗಿತೆಂದು ಹೇಳುತ್ತಾನೆ. ಮಾತು ಆಕರ್ಷಕವಾಗಿದೆ. ಆದರೆ ಕಾಲಕ್ರಮ ಇದಕ್ಕೆ ಒಪ್ಪುವುದಿಲ್ಲ. ಸೂಕ್ತಿರೂಪದ ಅವನ ಮೊದಲ ದೊಡ್ಡ ಕೃತಿ ಹೊರಬಂದುದು ೧೮೭೮ರಲ್ಲಿ, ಅದೇ ರೀತಿಯ ಇನ್ನೊಂದು ೧೮೮೧ರಲ್ಲಿ. ಯಂತ್ರ ಅವನ ಮನೆಗೆ ಬರುವ ಮೊದಲೇ ಶೈಲಿ ಬಂದಿತ್ತು. ಅಲ್ಲದೆ, ಕೆಟ್ಟು ನಿಂತ ಆ ಯಂತ್ರ ಅವನ ಬಳಕೆಯಲ್ಲಿದ್ದುದು ಕೆಲವೇ ವಾರಗಳ ಕಾಲ. ಉಪಕರಣವು ಶೈಲಿಯನ್ನು ಸೃಷ್ಟಿಸಿತೆನ್ನುವುದಕ್ಕಿಂತ, ಆಗಲೇ ಸಿದ್ಧವಾಗಿದ್ದ ಶೈಲಿಯೊಂದು ತನಗೆ ಒಗ್ಗುವ ಉಪಕರಣವನ್ನು ಕಂಡು ಸಂತೋಷಿಸಿತೆನ್ನುವುದು ಸಮಂಜಸ.

ಇದಕ್ಕೆ ಎದುರಾದ ನಿದರ್ಶನ ಹೆನ್ರಿ ಜೇಮ್ಸ್‌ನದು. ಮಣಿಕಟ್ಟಿನ ನೋವಿನಿಂದಾಗಿ ೧೮೯೭ರಿಂದ ಅವನು ಬೆರಳಚ್ಚುಗಾರರಿಗೆ ಹೇಳಿ ಬರೆಯಿಸತೊಡಗಿದನು. ಅವನ ಕೊನೆಗಾಲದ ಕಾದಂಬರಿಗಳ ವಾಕ್ಯಗಳು ಉಪವಾಕ್ಯಗಳ ಮೇಲೆ ಉಪವಾಕ್ಯಗಳನ್ನು ಹೊತ್ತು ಬೆಳೆದುದು ಸರ್ವವಿದಿತ. ಯಂತ್ರವು ಸಂಕ್ಷೇಪವನ್ನು ಕಲಿಸುತ್ತದೆ ಎಂಬುದು ನಿಯಮವಾದರೆ ಇಲ್ಲಿ ಅದು ತಲೆಕೆಳಗಾಗಿದೆ. ಇಲ್ಲಿ ಕೀಲಿ ಅನ್ಯರ ಬೆರಳಿನಡಿಯಲ್ಲಿದ್ದಿತು, ಲೇಖಕನ ಪಾಲಿಗೆ ಉಳಿದುದು ದನಿ ಎಂದು ಉತ್ತರ ಬರಬಹುದು. ಆ ಉತ್ತರವೂ ನಮ್ಮ ವಾದವನ್ನೇ ಪುಷ್ಟಿಗೊಳಿಸುತ್ತದೆ: ಫಲವನ್ನು ನಿರ್ಣಯಿಸಿದುದು ಯಂತ್ರವಲ್ಲ, ಯಂತ್ರದೊಡನೆ ಲೇಖಕನು ಇರಿಸಿಕೊಂಡ ಸಂಬಂಧ. ಮೂರನೆಯವನು ಎಲಿಯಟ್. ಯಂತ್ರದ ಮೇಲೆ ರಚಿಸತೊಡಗಿದ ಬಳಿಕ ತಾನು ಅಕ್ಕರೆಯಿಂದ ಬೆಳೆಸುತ್ತಿದ್ದ ಉದ್ದವಾಕ್ಯಗಳು ಉದುರಿಹೋಗುತ್ತಿವೆಯೆಂದೂ, ಇದರಿಂದ ವಿಶದತೆ ಹೆಚ್ಚೀತು, ಸೂಕ್ಷ್ಮತೆಯ ವಿಷಯದಲ್ಲಿ ಹಾಗೆ ಹೇಳಲಾರೆನೆಂದೂ ಅವನು ೧೯೧೬ರಲ್ಲಿ ಕಾನ್ರಾಡ್ ಐಕೆನ್‌ಗೆ ಬರೆದನು. ಮೂವರಲ್ಲಿಯೂ ಹೆಚ್ಚು ತೂಗಿ ನೋಡಿದವನು ಇವನೇ. ಬದಲಾವಣೆಯನ್ನು ಅವನು ಒಪ್ಪುತ್ತಾನೆ. ಅದನ್ನು ಅವನತಿಯೆಂದಾಗಲಿ ಉನ್ನತಿಯೆಂದಾಗಲಿ ಕರೆಯುವುದಿಲ್ಲ.

ಶೈಲಿಯಂತೆಯೇ ಕಲಿಕೆಯ ವಿಷಯದಲ್ಲಿಯೂ ಆತುರದ ತೀರ್ಮಾನಗಳಿವೆ. ಗಣಕದಲ್ಲಿ ಟಿಪ್ಪಣಿ ಮಾಡಿಕೊಂಡವರಿಗಿಂತ ಕೈಯಲ್ಲಿ ಬರೆದುಕೊಂಡವರು ವಿಷಯವನ್ನು ಚೆನ್ನಾಗಿ ಗ್ರಹಿಸುತ್ತಾರೆಂದು ಅಮೆರಿಕದ ಮ್ಯುಲರ್ ಮತ್ತು ಆಪನ್‌ಹೈಮರ್ ೧೯೧೪ರಲ್ಲಲ್ಲ, ನಮ್ಮ ಕಾಲದ ೨೦೧೪ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಎಲ್ಲರೂ ಉದಾಹರಿಸುತ್ತಾರೆ. ಅದೇ ಪ್ರಯೋಗವನ್ನು ಬೇರೆಯವರು ಮತ್ತೆ ನಡೆಸಿ ೨೦೧೯ರಲ್ಲಿಯೂ ೨೦೨೧ರಲ್ಲಿಯೂ ಫಲಿತಾಂಶಗಳನ್ನು ಪ್ರಕಟಿಸಿದಾಗ ಆ ಅಂತರ ನಿಶ್ಚಿತವಾಗಿ ಕಂಡುಬರಲಿಲ್ಲವೆಂಬುದನ್ನು ನೆನೆಯುವವರು ವಿರಳ. ಸ್ಥಿರವಾಗಿ ಕಂಡುಬಂದುದು ಒಂದೇ: ಕೀಲಿಮಣೆಯನ್ನು ಬಳಸಿದವರು ಉಪನ್ಯಾಸಕರ ಮಾತನ್ನು ಇದ್ದುದಿದ್ದಂತೆ ಹೆಚ್ಚಾಗಿ ಇಳಿಸಿಕೊಳ್ಳುತ್ತಾರೆ. ಕಂಡುದನ್ನು ಕಂಡಂತೆ ಬರೆದಿದ್ದೇನೆ, ದೋಷ ನನ್ನದಲ್ಲ ಎನ್ನುತ್ತಿದ್ದ ಪ್ರಾಚೀನ ಪ್ರತಿಕಾರನ ಸ್ವಭಾವವೇ ಇದು. ಇಲ್ಲಿ ತಿದ್ದಬೇಕಾದುದು ಟಿಪ್ಪಣಿ ಮಾಡಿಕೊಳ್ಳುವ ಕ್ರಮ, ಉಪಕರಣವಲ್ಲ.

೪

ಮೂರನೆಯ ಆಕ್ಷೇಪಕ್ಕೆ ಬರೋಣ. ಇದು ಕನ್ನಡಕ್ಕೇ ವಿಶಿಷ್ಟವಾದುದರಿಂದ ಸ್ವಲ್ಪ ವಿಸ್ತಾರವಾಗಿ ವಿಚಾರಿಸಬೇಕಾಗಿದೆ. ಕೀಲಿಮಣೆಯೆಂದು ನಾವು ಒಂದೇ ಹೆಸರಿನಿಂದ ಕರೆಯುವ ವಸ್ತು ಕನ್ನಡದಲ್ಲಿ ಒಂದಲ್ಲ. ಕಡೆಯ ಪಕ್ಷ ಮೂರು. ಬೆರಳಚ್ಚು ಯಂತ್ರದ ಕೀಲಿಮಣೆ ಒಂದು. ಗಣಕಯಂತ್ರದಲ್ಲಿ ಕನ್ನಡ ವರ್ಣಗಳನ್ನು ಅನುಸರಿಸಿ ರೂಪಿಸಿದ ಕೀಲಿಮಣೆ ಇನ್ನೊಂದು. ಕನ್ನಡವನ್ನು ರೋಮನ್ ಕಾಗುಣಿತದಲ್ಲಿ ಒತ್ತುವ ಅಭ್ಯಾಸ ಮತ್ತೊಂದು.

ಅಕ್ಷರಕ್ಕೆ ಎರಡು ಮುಖಗಳು. ಕಿವಿಗೆ ಅದು ಧ್ವನಿ, ಕಣ್ಣಿಗೆ ಅದು ಆಕೃತಿ. ಬೆರಳಚ್ಚು ಯಂತ್ರವು ಹಿಡಿದುಕೊಂಡುದು ಎರಡನೆಯದನ್ನು. ಸಾಮಾನ್ಯವಾಗಿ ಯಂತ್ರದಲ್ಲಿರುವುದು ನಾಲ್ವತ್ತೈದರ ಆಸುಪಾಸಿನ ಕೀಲಿಗಳು. ಒಂದೊಂದರಲ್ಲಿ ಎರಡು ಚಿಹ್ನೆಗಳಾದರೆ ಒಟ್ಟು ತೊಂಬತ್ತು. ಕನ್ನಡದ ಗುಣಿತಾಕ್ಷರಗಳೇ ನಾನೂರನ್ನು ಮೀರುತ್ತವೆ. ಒತ್ತಕ್ಷರಗಳನ್ನು ಸೇರಿಸಿದರೆ ಲೆಕ್ಕ ಸಾವಿರಗಳಿಗೆ ಏರುತ್ತದೆ. ಹೀಗಿರುವಲ್ಲಿ ಅಕ್ಷರದ ಆಕೃತಿಯನ್ನು ತುಂಡುಮಾಡದೆ ಗತ್ಯಂತರವಿರಲಿಲ್ಲ. ಅನಂತ ಸುಬ್ಬರಾಯರು ರೂಪಿಸಿದ ಕನ್ನಡ ಕೀಲಿಮಣೆ ಈ ಕಠಿನ ಸಮಸ್ಯೆಗೆ ದೊರೆತ ಉಪಯುಕ್ತವಾದ ಪರಿಹಾರ. ೧೯೬೩ರ ರಾಜಭಾಷಾ ಅಧಿನಿಯಮದ ಅನಂತರ ಕನ್ನಡವು ಕಚೇರಿಯ ಭಾಷೆಯಾಗಿ ಬೆಳೆಯಲು ಬೆರಳಚ್ಚು ಯಂತ್ರವೂ ಬೆರಳಚ್ಚುಗಾರರೂ ಸಲ್ಲಿಸಿದ ಸೇವೆಯನ್ನು ಮರೆಯಲಾಗದು. ಆದರೆ ಆ ಯಂತ್ರವನ್ನು ಕಲಿತವನು ಅಕ್ಷರವನ್ನು ಚಿತ್ರದಂತೆ ಜೋಡಿಸುತ್ತಿದ್ದನೇ ಹೊರತು ಧ್ವನಿಯಂತೆ ಉಚ್ಚರಿಸುತ್ತಿರಲಿಲ್ಲ. ‘ಸೂರ್ಯ’ ಎಂಬ ಪದವನ್ನು ನೋಡಿದರೆ ಈ ಭೇದ ಸ್ಪಷ್ಟವಾಗುತ್ತದೆ. ಉಚ್ಚಾರಣೆಯಲ್ಲಿ ರಕಾರ ಮೊದಲು, ಯಕಾರ ಅನಂತರ. ಬರೆಹದಲ್ಲಿಯಾದರೋ ಯಕಾರವನ್ನು ಬರೆದ ಮೇಲೆ ಅರ್ಕಾವೊತ್ತನ್ನು ಇಡುತ್ತೇವೆ. ಆಕೃತಿಯನ್ನು ಅನುಸರಿಸುವವರಿಗೆ ಬರೆಹದ ಕ್ರಮವೇ ಕ್ರಮ.

ಗಣಕಯಂತ್ರ ಬಂದ ಬಳಿಕ ಈ ನೋಟವೇ ತಿರುಗಿತು. ಕೆ. ಪಿ. ರಾವ್ ಅವರು ರೂಪಿಸಿ, ಮುಂದೆ ‘ನುಡಿ’ ತಂತ್ರಾಂಶದ ಮೂಲಕ ನಾಡಿನಲ್ಲೆಲ್ಲ ಬಳಕೆಗೆ ಬಂದ ವಿನ್ಯಾಸದಲ್ಲಿ ಇಪ್ಪತ್ತಾರು ಕೀಲಿಗಳೇ ಸಾಕು. ಅಲ್ಪಪ್ರಾಣಕ್ಕೆ ಒಂದು ಕೀಲಿ. ಅದನ್ನೇ ಮೇಲ್ಗೀಲಿಯೊಡನೆ ಒತ್ತಿದರೆ ಮಹಾಪ್ರಾಣ. ಹ್ರಸ್ವಸ್ವರಕ್ಕೂ ದೀರ್ಘಸ್ವರಕ್ಕೂ ಇದೇ ಸಂಬಂಧ. ವ್ಯಂಜನದ ಬಳಿಕ ಸ್ವರದ ಕೀಲಿಯನ್ನು ಒತ್ತಿದರೆ ಗುಣಿತಾಕ್ಷರ. ಎರಡು ವ್ಯಂಜನಗಳ ನಡುವೆ ಕೂಡಿಸುವ ಕೀಲಿಯನ್ನು ಒತ್ತಿದರೆ ಒತ್ತಕ್ಷರ. ‘ಸೂರ್ಯ’ವನ್ನು ಇಲ್ಲಿ ಉಚ್ಚರಿಸುವ ಕ್ರಮದಲ್ಲಿಯೇ ಒತ್ತಬೇಕು, ಅರ್ಕಾವೊತ್ತನ್ನು ಅದರ ಸ್ಥಾನದಲ್ಲಿ ಕೂರಿಸುವ ಹೊಣೆ ಯಂತ್ರದ್ದು. ೧೯೯೧ರಲ್ಲಿ ಮೊದಲು ಪ್ರಕಟವಾದ ಯೂನಿಕೋಡ್ ಸಂಹಿತೆಯೂ ಕನ್ನಡವನ್ನು ಧ್ವನಿಕ್ರಮದಲ್ಲಿಯೇ ದಾಖಲಿಸುತ್ತದೆ. ಶರೀರವೇ ವಾದ್ಯ, ನಾಲಗೆಯೇ ಅದನ್ನು ನುಡಿಸುವ ಕೋಲು, ಆತ್ಮನೇ ನುಡಿಸುವವನು ಎಂದು ಶಬ್ದದ ಉತ್ಪತ್ತಿಯನ್ನು ವರ್ಣಿಸಿದ ಕೇಶಿರಾಜನ ಶಾಸ್ತ್ರಕ್ಕೆ ಈ ಕೀಲಿಮಣೆ ಬೆರಳಚ್ಚು ಯಂತ್ರಕ್ಕಿಂತ, ಒಂದು ದೃಷ್ಟಿಯಿಂದ ಕೈಬರೆಹಕ್ಕಿಂತಲೂ, ಹತ್ತಿರವಾಗಿದೆ. ಇದರಲ್ಲಿ ಬರೆಯುವವನು ವರ್ಣಮಾಲೆಯನ್ನು ವಿಶ್ಲೇಷಿಸುತ್ತಲೇ ಬರೆಯುತ್ತಾನೆ. ಕೈಬರೆಹದಲ್ಲಿ ದಕಾರದ ಅಡಿಯ ಸೀಳನ್ನು ಅಸ್ಪಷ್ಟವಾಗಿ ಬಿಟ್ಟು, ಅದು ದಕಾರವೋ ಧಕಾರವೋ ಎಂಬ ನಿರ್ಣಯವನ್ನು ಓದುವವರಿಗೆ ಒಪ್ಪಿಸಿಬಿಡಬಹುದು. ಉತ್ತರಪತ್ರಿಕೆಗಳನ್ನು ತಿದ್ದುವವರಿಗೆ ಇದರ ಅನುಭವವುಂಟು. ಕೀಲಿಮಣೆ ಅಂಥ ಮರೆಯನ್ನು ಕೊಡುವುದಿಲ್ಲ. ಒಂದನ್ನು ಒತ್ತಲೇಬೇಕು, ಒತ್ತಿದುದು ತಪ್ಪಾದರೆ ತಪ್ಪು ನಿಚ್ಚಳವಾಗಿ ಕಾಣುತ್ತದೆ.

ಹಾಗಾದರೆ ಅಕ್ಷರಜ್ಞಾನ ಸಡಿಲವಾಗುತ್ತಿದೆ ಎಂಬ ದೂರು ಸುಳ್ಳೆ? ಸುಳ್ಳಲ್ಲ, ಆದರೆ ದೋಷ ಮೂರನೆಯ ಅಭ್ಯಾಸದ್ದು. ಕನ್ನಡದ ಕೀಲಿಮಣೆಯನ್ನು ಯಾರೂ ಕಲಿಸದಿರುವುದರಿಂದ ಬಹುಮಂದಿ ಯುವಕರು ಕನ್ನಡವನ್ನು ರೋಮನ್ ಅಕ್ಷರಗಳಲ್ಲಿಯೇ ಬರೆದುಬಿಡುತ್ತಾರೆ. ಇಲ್ಲವೆ ರೋಮನ್‌ನಲ್ಲಿ ಒತ್ತಿ, ಯಂತ್ರವು ಊಹಿಸಿ ಮುಂದಿಟ್ಟ ಕನ್ನಡ ಪದಗಳಲ್ಲಿ ಒಂದನ್ನು ಆರಿಸಿಕೊಳ್ಳುತ್ತಾರೆ. ಆ ಬರೆಹದಲ್ಲಿ ಹುಲಿಗೂ ಹುಳಿಗೂ ಭೇದವಿಲ್ಲ, ಮನೆಗೂ ಮಣೆಗೂ ಭೇದವಿಲ್ಲ, ಹತ್ತಿಗೂ ಹಟ್ಟಿಗೂ ಭೇದವಿಲ್ಲ. ಭೇದವನ್ನು ನಿರ್ಣಯಿಸುವ ಕೆಲಸ ಬರೆಯುವವನ ಮನಸ್ಸಿನಿಂದ ಯಂತ್ರದ ಊಹೆಗೆ ವರ್ಗವಾಗಿದೆ. ಅಕ್ಷರಜ್ಞಾನವನ್ನು ಕೆಡಿಸುತ್ತಿರುವುದು ಕೀಲಿಮಣೆಯನ್ನು ಕಲಿತುದರ ಫಲವಲ್ಲ, ಕಲಿಯದೆ ಬಳಸಿದುದರ ಫಲ. ಇಂಗ್ಲಿಷ್ ಬೆರಳಚ್ಚನ್ನು ಕಲಿಸುವ ಶಾಲೆಗಳು ಹಿಂದೆ ಊರೂರಿನಲ್ಲಿ ಇದ್ದುವು; ಹತ್ತು ಬೆರಳುಗಳಿಗೂ ಸ್ಥಾನ ನಿಯಮಿಸಿ, ಕೀಲಿಗಳನ್ನು ನೋಡದೆ ಒತ್ತುವಂತೆ ತಿಂಗಳುಗಟ್ಟಲೆ ಸಾಧನೆ ಮಾಡಿಸುತ್ತಿದ್ದುವು. ನಮ್ಮ ಕನ್ನಡ ತರಗತಿಗಳಲ್ಲಿ ಕನ್ನಡ ಕೀಲಿಮಣೆಗೆ ಅಂಥ ಒಂದು ವಾರದ ಶಿಕ್ಷಣವೂ ದೊರೆಯುವುದು ಅಪೂರ್ವ.

ಯಂತ್ರವೂ ಲಿಪಿಕಾರದೋಷಕ್ಕೆ ಹೊರತಲ್ಲವೆಂಬುದಕ್ಕೆ ಒಂದು ಸ್ವಾರಸ್ಯವಾದ ನಿದರ್ಶನವುಂಟು. ಹಳಗನ್ನಡದ ೞಕಾರಕ್ಕೆ ಯೂನಿಕೋಡ್ ಸಂಹಿತೆಯಲ್ಲಿ ಸ್ಥಾನ ದೊರೆತಿದೆ; ಆದರೆ ಅದಕ್ಕೆ ಕೊಟ್ಟ ಹೆಸರು ‘ಫ’ ಎಂಬ ಅರ್ಥದ್ದು. ಒಮ್ಮೆ ಇಟ್ಟ ಹೆಸರನ್ನು ಬದಲಾಯಿಸಬಾರದೆಂಬುದು ಆ ಸಂಹಿತೆಯ ನಿಯಮವಾದುದರಿಂದ, ತಪ್ಪನ್ನು ಹಾಗೆಯೇ ಉಳಿಸಿ ಪಕ್ಕದಲ್ಲಿ ಸರಿಯಾದ ಹೆಸರನ್ನು ಸೂಚಿಸಲಾಗಿದೆ. ಡಿ. ಎಲ್. ನರಸಿಂಹಾಚಾರ್ಯರ ‘ಕನ್ನಡ ಗ್ರಂಥಸಂಪಾದನೆ’ಯನ್ನು ಓದಿದ ವಿದ್ಯಾರ್ಥಿಗೆ ಇದು ಅಪರಿಚಿತವಾಗಿ ತೋರದು. ಅಶುದ್ಧಪಾಠವನ್ನು ಮೇಲೆಯೂ ಶುದ್ಧಪಾಠವನ್ನು ಅಡಿಟಿಪ್ಪಣಿಯಲ್ಲಿಯೂ ಕೊಟ್ಟಂತಾಗಿದೆ. ವಿನೋದವನ್ನು ಬದಿಗಿಟ್ಟು ನೋಡಿದರೆ ಇಲ್ಲಿ ಒಂದು ಗುಣವೂ ಇದೆ: ತಪ್ಪು ನಡೆದುದರ ಗುರುತು ಉಳಿದಿದೆ.

೫

ಗುರುತು ಉಳಿಯುವುದು, ಉಳಿಯದಿರುವುದು: ಈ ಚರ್ಚೆಯ ಮರ್ಮ ನಮ್ಮ ಮತದಲ್ಲಿ ಇಲ್ಲಿದೆ. ಎಲಿಯಟ್‌ನ ‘ದಿ ವೇಸ್ಟ್ ಲ್ಯಾಂಡ್’ ಕವನದ ಕರಡುಪ್ರತಿಗಳು ೧೯೭೧ರಲ್ಲಿ ಯಥಾಪ್ರತಿಯಾಗಿ ಪ್ರಕಟವಾದುವು. ಅವುಗಳಲ್ಲಿ ಹೆಚ್ಚಿನ ಭಾಗ ಬೆರಳಚ್ಚಿನದು; ಅಂಚುಗಳಲ್ಲಿಯೂ ಸಾಲುಗಳ ನಡುವೆಯೂ ಎಜ್ರಾ ಪೌಂಡ್‌ನ ಕೈಬರೆಹದ ತಿದ್ದುಪಡಿಗಳಿವೆ. ಪುಟಗಟ್ಟಲೆ ಪದ್ಯಗಳನ್ನು ಹೊಡೆದುಹಾಕಿದ ಗೆರೆಗಳನ್ನು ನೋಡಿದ ಮೇಲೆ ಆ ಕವನದ ವಿಮರ್ಶೆಯೇ ಬದಲಾಯಿತು. ಅದರ ಖಂಡಖಂಡವಾದ ರೂಪವು ಒಂದೇ ಏಟಿಗೆ ಹೊಳೆದುದಲ್ಲ, ಕತ್ತರಿಸಿ ಕತ್ತರಿಸಿ ಬಂದುದು ಎಂಬುದಕ್ಕೆ ಕಣ್ಣೆದುರಿನ ಸಾಕ್ಷ್ಯ ದೊರೆಯಿತು. ಎಂದಮೇಲೆ ಬೆರಳಚ್ಚು ಯಂತ್ರವು ಕರಡನ್ನು ನಾಶಮಾಡಲಿಲ್ಲ. ಕಾಗದವಿದ್ದುದರಿಂದ ಗುರುತು ಉಳಿಯಿತು. ಕೈಯಿಂದ ಬರೆದಿದ್ದರೂ, ಕೀಲಿಯಿಂದ ಒತ್ತಿದ್ದರೂ, ಅಡ್ಡಗೆರೆ ಎಳೆದ ಪದ ಗೆರೆಯ ಕೆಳಗೆ ಬದುಕಿರುತ್ತದೆ.

ಗಣಕದ ತೆರೆಯ ಸ್ವಭಾವ ಬೇರೆ. ಅದು ಹಲಗೆಯ ಜಾತಿಗೆ ಸೇರಿದುದು. ಅಳಿಸಿದುದು ಅಳಿಸಿಯೇ ಹೋಗುತ್ತದೆ. ಹೊಸ ಮಾತು ಹಳೆಯದರ ಜಾಗವನ್ನು ತುಂಬಿದಾಗ ಅಲ್ಲಿ ಬೇರೊಂದು ಮಾತು ಇದ್ದಿತೆಂಬ ಸುಳಿವೇ ಇರುವುದಿಲ್ಲ. ಪ್ರಾಚೀನ ಕವಿಗೆ ಹಲಗೆಯೂ ಇದ್ದಿತು, ಓಲೆಯೂ ಇದ್ದಿತು; ಒಂದರಿಂದ ಇನ್ನೊಂದಕ್ಕೆ ಏರಿಸುವ ಕ್ಷಣವೊಂದು ಇದ್ದಿತು. ಆ ಕ್ಷಣದಲ್ಲಿ ಕವಿ ತನ್ನ ಮಾತಿಗೆ ಹೊಣೆಯಾಗುತ್ತಿದ್ದನು. ಇಂದಿನ ಲೇಖಕನಿಗೆ ಹಲಗೆಯೊಂದೇ ಉಳಿದಿದೆ. ಅವನ ಬರೆಹ ಎಂದಿಗೂ ಮುಗಿಯದು, ಎಂದಿಗೂ ಮೊದಲಾಗಿರಲೂ ಇಲ್ಲವೆಂಬಂತೆ ಕಾಣುತ್ತದೆ. ಕುಮಾರವ್ಯಾಸನ ಅಗ್ಗಳಿಕೆಯನ್ನು ಈ ಬೆಳಕಿನಲ್ಲಿ ಮತ್ತೆ ಓದಬೇಕು. ಹಲಗೆಯನ್ನು ಬಿಟ್ಟು ನೇರವಾಗಿ ಓಲೆಗೆ ಕೈಯಿಟ್ಟ ಆತನ ಮಾತಿನಲ್ಲಿ ವೇಗದ ಹೆಮ್ಮೆಗಿಂತ ಹೆಚ್ಚಾಗಿರುವುದು ಹೊಣೆಯ ಹೆಮ್ಮೆ. ಕೀಲಿಮಣೆಯ ಸದ್ದು ಕಂಠದ ಸದ್ದಿನಂತೆಯೇ ನಿಲ್ಲದೆ ನಡೆಯಬಲ್ಲುದು. ಆದರೆ ಕೆಳಗಿರುವುದು ಓಲೆಯಲ್ಲ.

ಇದರಿಂದ ವಿಮರ್ಶೆಗೆ ಒದಗುವ ಕಷ್ಟವನ್ನು ಲಘುವಾಗಿ ಎಣಿಸಲಾಗದು. ಕವಿಯ ಸ್ವಹಸ್ತದ ಕರಡು ಕಾಗದದ ಮೇಲೆ ಉಳಿದುಬಂದ ಕಾಲ ನಮ್ಮ ಸಾಹಿತ್ಯಚರಿತ್ರೆಯ ಸಾವಿರಕ್ಕೂ ಮಿಕ್ಕಿದ ವರ್ಷಗಳಲ್ಲಿ ತೀರ ಸಣ್ಣ ಭಾಗ. ಅದಕ್ಕೆ ಮೊದಲು ಕವಿಯ ಕೈ ನಮಗೆ ಕಾಣದು, ಪ್ರತಿಕಾರರ ಪಾಠಾಂತರಗಳು ಮಾತ್ರ ಕಾಣುತ್ತವೆ. ಇನ್ನು ಮುಂದೆ ಕವಿಯ ಕೈಯೂ ಕಾಣದು, ಪಾಠಾಂತರಗಳೂ ಇರವು; ನುಣುಪಾದ ಅಂತಿಮ ಪಾಠವೊಂದೇ ಇದ್ದೀತು. ಅದೂ ಉಳಿದೀತೆಂಬ ಭರವಸೆಯಿಲ್ಲ. ಯೂನಿಕೋಡ್ ರೂಢವಾಗುವ ಮೊದಲು ಅಕ್ಷರದ ತುಂಡುಗಳನ್ನೇ ಸಂಕೇತಗಳಾಗಿ ಬಳಸಿದ ನಾನಾ ಬಗೆಯ ಅಚ್ಚುಗಳಲ್ಲಿ ಕೂಡಿಟ್ಟ ಬರೆಹಗಳು, ಆಯಾ ಅಚ್ಚು ಇಲ್ಲದ ಯಂತ್ರದಲ್ಲಿ ಇಂದು ಅರ್ಥವಿಲ್ಲದ ಚಿಹ್ನೆಗಳ ಸಾಲಾಗಿ ತೋರುತ್ತವೆ. ಪರಿವರ್ತಿಸಿದ ಹೊರತು ಅವನ್ನು ಓದಲಾಗದು. ಗೆದ್ದಲು ಹತ್ತಿದ ಓಲೆಯಲ್ಲಿ ಉಳಿದಷ್ಟಾದರೂ ಓದಲು ಬರುತ್ತಿದ್ದಿತು.

೬

ಈ ವಿವೇಚನೆಯಿಂದ ಕೆಲವು ಕರ್ತವ್ಯಗಳು ಹೊರಡುತ್ತವೆಯೆಂದು ನಾವು ಭಾವಿಸುತ್ತೇವೆ.

ಮೊದಲನೆಯದಾಗಿ, ಕೀಲಿಮಣೆಯನ್ನು ಮೆಚ್ಚುವ ವಿದ್ಯಾರ್ಥಿಯನ್ನು ಹಳಿಯುವುದನ್ನು ಬಿಟ್ಟು ಅವನಿಗೆ ಅದನ್ನು ಶಾಸ್ತ್ರೀಯವಾಗಿ ಕಲಿಸಬೇಕು. ಕನ್ನಡದ ವರ್ಣಕ್ರಮವನ್ನು ಅನುಸರಿಸಿದ ವಿನ್ಯಾಸವನ್ನು, ಹತ್ತು ಬೆರಳುಗಳಿಂದ, ಕೀಲಿಗಳನ್ನು ನೋಡದೆ ಒತ್ತುವಷ್ಟು ಸಾಧನೆ ಪದವಿ ತರಗತಿಯ ಮೊದಲ ವರ್ಷದಲ್ಲಿಯೇ ಆಗಬೇಕು. ವ್ಯಾಕರಣದ ಸಂಜ್ಞಾಪ್ರಕರಣವನ್ನು ಬೋಧಿಸುವಾಗ ಇದನ್ನು ಜೊತೆಯಲ್ಲಿಟ್ಟುಕೊಂಡರೆ ಅಲ್ಪಪ್ರಾಣ ಮಹಾಪ್ರಾಣಗಳೂ ಸಂಯುಕ್ತಾಕ್ಷರಗಳೂ ಬರಿಯ ಕಂಠಪಾಠದ ವಿಷಯವಾಗಿ ಉಳಿಯದೆ ಬೆರಳಿನ ಅನುಭವವಾಗುತ್ತವೆ.

ಎರಡನೆಯದಾಗಿ, ಕೈಬರೆಹವನ್ನು ಬಿಟ್ಟುಕೊಡಬಾರದು. ಇದಕ್ಕೆ ನಾವು ಕೊಡುವ ಕಾರಣ ಭಾವುಕವಾದುದಲ್ಲ. ಕೈಯಿಂದ ಬರೆದು ಬಲ್ಲವನಿಗೆ ಮಾತ್ರ ಅನ್ಯರ ಕೈಬರೆಹವನ್ನು ಓದುವುದು ಸುಗಮವಾಗುತ್ತದೆ. ಗೆರೆ ಎಲ್ಲಿ ಮೊದಲಾಯಿತು, ಎಲ್ಲಿ ತಿರುಗಿತು, ಯಾವ ಅವಸರದಲ್ಲಿ ಪಕಾರವು ಷಕಾರದಂತೆ ಕಂಡಿತು ಎಂಬುದನ್ನು ಅಚ್ಚಿನ ಅಕ್ಷರವನ್ನಷ್ಟೇ ಬಲ್ಲ ಕಣ್ಣು ಊಹಿಸಲಾರದು. ನಮ್ಮ ಹಸ್ತಪ್ರತಿಭಂಡಾರಗಳಲ್ಲಿ ಪರಿಶೋಧನೆಗಾಗಿ ಕಾದಿರುವ ಓಲೆಗರಿಗಳನ್ನೂ ಕಾಗದದ ಪ್ರತಿಗಳನ್ನೂ ಓದಬೇಕಾದವರು ಇಂದು ನಮ್ಮ ತರಗತಿಗಳಲ್ಲಿ ಕುಳಿತಿರುವವರೇ. ಅವರ ಕೈಗೆ ಬರೆಹದ ನೆನಪಿಲ್ಲವಾದರೆ ಆ ಪ್ರತಿಗಳು ಇದ್ದೂ ಇಲ್ಲದಂತಾಗುತ್ತವೆ.

ಮೂರನೆಯದು ಎಲ್ಲಕ್ಕಿಂತ ಅಗತ್ಯವಾದುದು. ಹಲಗೆಯೊಂದೇ ಇರುವಲ್ಲಿ ಓಲೆಯನ್ನು ನಾವೇ ಕಲ್ಪಿಸಿಕೊಳ್ಳಬೇಕು. ಸಂಶೋಧನ ವಿದ್ಯಾರ್ಥಿಯು ತನ್ನ ಪ್ರಬಂಧದ ಪ್ರತಿಯೊಂದು ಘಟ್ಟದ ಪ್ರತಿಯನ್ನೂ ತಾರೀಖು ಹಾಕಿ ಬೇರೆಯಾಗಿ ಕೂಡಿಡಬೇಕು. ತಿದ್ದುಪಡಿಗಳನ್ನು ದಾಖಲಿಸುವ ಸೌಲಭ್ಯ ಗಣಕದಲ್ಲಿರುವಾಗ ಅದನ್ನು ಬಳಸಬೇಕು. ಮುಖ್ಯವಾದ ಕರಡುಗಳನ್ನು ಕಾಗದದ ಮೇಲೆ ಅಚ್ಚು ಹಾಕಿ ಇಡಬೇಕು. ಎಲ್ಲವೂ ಯೂನಿಕೋಡಿನಲ್ಲಿಯೇ ಇರಬೇಕು. ನಮ್ಮ ಲೇಖಕರನ್ನೂ ಹೀಗೆ ಮಾಡುವಂತೆ ಬೇಡಿಕೊಳ್ಳುವುದೂ, ಅವರು ಕೊಟ್ಟುದನ್ನು ಓಲೆಯ ಪ್ರತಿಗಳಷ್ಟೇ ಜತನದಿಂದ ಕಾಪಾಡುವುದೂ ವಿಶ್ವವಿದ್ಯಾನಿಲಯಗಳ ಕನ್ನಡ ವಿಭಾಗಗಳ ಕೆಲಸವಾಗಬೇಕು.

ಅತ್ತಿಮಬ್ಬೆಯ ಕಾಲದಲ್ಲಿ ಪ್ರತಿ ಮಾಡಿಸುವುದು ಕಷ್ಟವಾಗಿದ್ದಿತು. ಅದಕ್ಕಾಗಿಯೇ ಅದು ದಾನವೆನಿಸಿತು. ಇಂದು ಸಾವಿರ ಪ್ರತಿಗಳು ಒಂದು ಕೀಲಿಯ ಒತ್ತಿಗೆ ಸಿದ್ಧವಾಗುತ್ತವೆ. ಕಷ್ಟವಾಗಿರುವುದು ಸಾವಿರದ ಮೊದಲಿನ ಒಂದನ್ನು, ಗೀಚಿ ತಿದ್ದಿದ ಆ ಮೊದಲ ಪ್ರತಿಯನ್ನು, ಉಳಿಸುವುದು. ಕೀಲಿಮಣೆಯನ್ನು ಒಪ್ಪಿಕೊಂಡ ಪೀಳಿಗೆ ಈ ಹೊಣೆಯನ್ನೂ ಒಪ್ಪಿಕೊಂಡರೆ ಮುಂದಿನ ಸಂಪಾದಕನಿಗೂ ವಿಮರ್ಶಕನಿಗೂ ಕೆಲಸ ಮಾಡಲು ಸಾಮಗ್ರಿ ಉಳಿಯುತ್ತದೆ.